ತಾತ್ಕಾಲಿಕ

ಎಲೂತೆರಿಯೊಗೆ ಬರುವ ಇಂಗ್ಲಿಷು ಹನ್ನೆರಡು ಮಾತು,
ನನಗೆ ಅವನ ಸ್ಪ್ಯಾನಿಷ್ ಅದಕ್ಕಿಂತ ಕಡಿಮೆ.
ಹಾಗಾಗಿ ಟ್ರಕ್ಕಿನ ಕಾಯಿಲೆಯನ್ನು ಬಾಯಲ್ಲೇ ಮಾಡಿ ತೋರಿಸಿದ:
ಗುಡುಗುಡು, ಗುಡ್, ಗುಡು,
ಹ್ಞಕ್.
ಮತ್ತೆ ಗುಡು.
ಕುರಿಗೆ ಕೆಮ್ಮು ಹಿಡಿದರೂ ಹೀಗೇ, ಅಂತ ಎದೆ ಮುಟ್ಟಿಕೊಂಡ.
ಪೆರುವಿನಿಂದ ಬಂದು ನೆವಾಡಾದ ಬೋಳುಗುಡ್ಡಗಳಲ್ಲಿ
ಇನ್ನೊಬ್ಬರ ಮಂದೆ ಕಾಯುವವನು, ಕೆಮ್ಮು ಬಲ್ಲವನು.

ಎಂಬತ್ತೈದರ ಫೋರ್ಡ್, ಸಾಲಾಗಿ ಆರು ಸಿಲಿಂಡರ್,
ಬಾಗಿಲಿಗೊಂದು ಬಣ್ಣ. ಹಿಂದೆ ನೀರಿನ ಟ್ಯಾಂಕು, ಎರಡು ನಾಯಿ.
ನಿಂತಲ್ಲೇ ನಡುಗುತ್ತದೆ; ಕನ್ನಡಿಯೊಳಗಿನ ಬೆಟ್ಟವೂ ನಡುಗುತ್ತದೆ.
ಆಕ್ಸಿಲರೇಟರ್ ತುಳಿದರೆ ಒಡನೆ ಓಗೊಡುವುದಿಲ್ಲ,
ಸಾಲ ಕೇಳಲು ಬಂದವನ ಹಾಗೆ
ಹೊಸ್ತಿಲಲ್ಲಿ ಒಂದು ಗಳಿಗೆ ನಿಂತು, ಗಂಟಲು ಸರಿಮಾಡಿಕೊಂಡು
ಆಮೇಲೆ ಒಳಗೆ ಕಾಲಿಡುತ್ತದೆ.

ಮೊದಲು ಕಿಡಿ. ಪ್ಲಗ್ಗುಗಳನ್ನು ಬಿಚ್ಚಿ ಹಳೇ ಪೇಪರಿನ ಮೇಲೆ ಸಾಲಿಟ್ಟೆ.
ಐದರ ಮೂತಿ ಬಿಸ್ಕತ್ತಿನ ಬಣ್ಣ,
ಆರನೆಯದು ಬಿಳಿಚಿಕೊಂಡಿದೆ, ಬಿಸಿಲಿಗೆ ಬಿದ್ದ ಮೂಳೆಯಷ್ಟು.
ಅಲ್ಲೇ ತಿಳಿಯಬೇಕಿತ್ತು. ತಿಳಿಯಲಿಲ್ಲ.
ಹೊಸ ಪ್ಲಗ್ಗು, ಹೊಸ ತಂತಿ, ಡಿಸ್ಟ್ರಿಬ್ಯೂಟರಿಗೆ ಹೊಸ ಟೋಪಿ,
ಪೆಟ್ರೋಲು ಸೋಸುವ ಡಬ್ಬಿ ಬದಲಿಸಿದೆ, ಕಾರ್ಬ್ಯುರೇಟರ್ ಕಳಚಿ
ಸೂಜಿಮೊನೆಯ ತೂತುಗಳಿಗೆಲ್ಲ ಗಾಳಿ ಊದಿದೆ.
ಸಂಜೆಯಾಯಿತು. ಸಂಜೆಯೂ ಗುಡ್, ಗುಡು, ಹ್ಞಕ್.
ನಾಯಿಗಳು ನನ್ನನ್ನು ನೋಡುವ ನೋಟ ಬದಲಾಯಿತು.

ನನ್ನ ಎಡಗಿವಿ ಕೇಳುವುದು ಬಿಟ್ಟು ಆರು ವರ್ಷ.
ಬಲಗಿವಿಗೆ ತೋಟದ ಪೈಪಿನ ತುಂಡು ಹಚ್ಚಿ
ಇನ್ನೊಂದು ತುದಿಯನ್ನು ಸಂದಿಗೊಂದಿಯಲ್ಲಿ ಆಡಿಸುತ್ತೇನೆ:
ಇಲ್ಲಿ ವಾಲ್ವಿನ ಟಿಕಿಟಿಕಿ, ಇಲ್ಲಿ ಬೆಲ್ಟಿನ ಕೀಚು,
ಹಿಂದೆ, ಕತ್ತಲಲ್ಲಿ, ಕೈ ಸುಡುವ ಮೂಲೆಯಲ್ಲಿ
ಸ್ಸ್ಸ್.
ಹಲ್ಲಿನ ಸಂದಿಯಿಂದ ಉಸಿರೆಳೆದುಕೊಳ್ಳುವ ಸದ್ದು.
ಕದ್ದು ಕುಡಿಯುತ್ತಿದೆ ಗಾಳಿಯನ್ನು,
ಲೆಕ್ಕಕ್ಕೆ ಬಾರದ ಗಾಳಿಯನ್ನು.

ಕಿರುಬೆರಳಿನಷ್ಟು ದಪ್ಪದ ರಬ್ಬರ್ ಕೊಳವೆ. ಹೆಬ್ಬೆರಳು ಒತ್ತಿದೆ.
ಎಂಜಿನ್ನು ಆರಲಿಲ್ಲ, ಆರೂ ಒಂದಾದವು,
ಬೀಸುವ ಕಲ್ಲಿನ ಒಂದೇ ಸಮ.
ಕನ್ನಡಿಯಲ್ಲಿ ಬೆಟ್ಟ ನೆಲೆ ನಿಂತಿತು.
ಎಲೂತೆರಿಯೊ ಹ್ಯಾಟು ತೆಗೆದ.

ಬೆರಳೆತ್ತಿ ಟಾರ್ಚು ಹಿಡಿದೆ.
ಬಿರುಕಿನ ಸುತ್ತ, ಒಣಗಿ ಸುರುಳಿ ಬಿಚ್ಚಿದ ನೀಲಿ ಟೇಪು.
ಟೇಪಿನ ಮೇಲೆ ತಾರೀಕು, ಹದಿನಾಲ್ಕು ವರ್ಷದ ಹಿಂದಿನದು,
ಪಕ್ಕದಲ್ಲಿ 'ತಾತ್ಕಾಲಿಕ'.
ಕೊನೆಯ ಅಕ್ಷರಕ್ಕೆ ಹೀಗೆ ಬಾಲ ಎಳೆಯುವ ಚಾಳಿ
ಈ ಕಣಿವೆಯಲ್ಲಿ ನನ್ನ ಹೊರತು ಯಾರಿಗೂ ಇಲ್ಲ.

ಆಗ ಇದು ಮುದುಕ ಗಾನಿಷ್ ಇತುರಾಲ್ಡೆಯ ಟ್ರಕ್ಕು.
ಮೊದಲ ಹಿಮಕ್ಕೆ ಮುಂಚೆ ಮಂದೆ ಇಳಿಸುವ ಅವಸರ ಅವನಿಗೆ.
ಸೋಮವಾರ ಬಾ, ಅಂದಿದ್ದೆ.
ಅವನು ಬರಲಿಲ್ಲ. ನಾನು ಕರೆಯಲಿಲ್ಲ.
ಕೂಸು ಕಂಕುಳಲ್ಲೇ ಇತ್ತು; ಊರೆಲ್ಲ ಹುಡುಕಿದ್ದು ನಾನು,
ಅದೂ ಬಿಲ್ಲು ಬರೆದುಕೊಳ್ಳುತ್ತ.

ಬಿಲ್ಲು ಹರಿದೆ. ಕೊಳವೆ ಸಿಗುವ ಅಂಗಡಿ ಎಲ್ಕೊದಲ್ಲಿ,
ಇವತ್ತು ಶನಿವಾರ ರಾತ್ರಿ. ಕುರಿಗಳು ಮೇಲೆ,
ಅವು ಕುಡಿಯುವ ನೀರು ಇಲ್ಲಿ, ಈ ಟ್ಯಾಂಕಿನಲ್ಲಿ.
ಕೊಳವೆ ಒರೆಸಿ ಹೊಸ ಟೇಪು ಮೂರು ಸುತ್ತು ಬಿಗಿದು
ಪೆನ್ನು ತೆಗೆದೆ. ಪೆನ್ನು ನಿಂತಿತು,
ಹೊಸ್ತಿಲಲ್ಲಿ ಒಂದು ಗಳಿಗೆ.
ಆಮೇಲೆ, ಬಾಲ ಎಳೆಯದೆ, ಬರೆದೆ: ಸೋಮವಾರ.

ಅವನು ಬಾಗಿ ಓದಿದ.
ಆ ಪದ ಅವನ ಹನ್ನೆರಡರಲ್ಲಿತ್ತು.
"ಯಾವ ಸೋಮವಾರ?" ಅಂದ.